ಮೂರು ಚಕ್ರದ ತೀರ್ಮಾನ

ನಾಗರಾಜುವಿನ ಹದಿನಾಲ್ಕು ವರ್ಷದ ಸರ್ವೀಸಿನಲ್ಲಿ ಅವನು ಕೂತ ಖರೀದಿ ವಿಭಾಗದ ಮೇಲೆ ಆಡಿಟ್‌ನವರು ಒಂದೇ ಒಂದು ಆಕ್ಷೇಪಣೆ ಬರೆದಿರಲಿಲ್ಲ. ಮಂಡ್ಯದ ಆ ಕಚೇರಿಯಲ್ಲಿ ಇದನ್ನು ದೊಡ್ಡ ಸಾಧನೆ ಎಂದೇ ಹೇಳಿಕೊಳ್ಳುತ್ತಿದ್ದರು. ಅವನ ಮೇಜಿನಿಂದ ಏನನ್ನಾದರೂ ಕೊಂಡದ್ದೇ ಅಪರೂಪ. ಯಾರಾದರೂ ಒಂದು ಕುರ್ಚಿ ಬೇಕೆಂದರೆ ಮೊದಲು ಕುರ್ಚಿ ಯಾಕೆ ಬೇಕೆಂದು ಟಿಪ್ಪಣಿ ಬರೆಸುತ್ತಿದ್ದ, ಆಮೇಲೆ ಎಂಥ ಕುರ್ಚಿ ಎಂದು ಕೇಳುತ್ತಿದ್ದ, ಆಮೇಲೆ ಮೂರು ಕಡೆಯಿಂದ ಕೊಟೇಶನ್ನು ತರಿಸುತ್ತಿದ್ದ. ಅಷ್ಟರಲ್ಲಿ ಕುರ್ಚಿ ಕೇಳಿದವರಿಗೆ ಬೇರೆ ಊರಿಗೆ ವರ್ಗವಾಗಿರುತ್ತಿತ್ತು.

ಹಾಗಾಗಿ ಒಂದು ಭಾನುವಾರ ಹೆಂಡತಿ ಗಗನ, "ಮಗೂನ ಕೂರಿಸಿ ತಳ್ಕೊಂಡು ಓಡೋಕೆ ಒಂದು ಗಾಡಿ ತಗೋಬೇಕು ರೀ" ಅಂದಾಗ, "ಅದನ್ನ ನಂಗೆ ಬುಡು" ಎಂದು ಅವನು ಹೇಳಿದ್ದರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಬಿಟ್ಟದ್ದು ಗಗನಳ ತಪ್ಪು.

ಗಗನ ಮಳವಳ್ಳಿಯವಳು. ಕಾಲೇಜಿನಲ್ಲಿದ್ದಾಗ ಸಾವಿರದೈನೂರು ಮೀಟರ್ ಓಟದಲ್ಲಿ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಿದ್ದವಳು, ಈಗ ಮಂಡ್ಯದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು. ಮಗ ಅಪ್ಪು ಹುಟ್ಟಿದ ಮೇಲೆ ಅವಳ ಓಟ ನಿಂತಿತ್ತು. ಬೆಳಿಗ್ಗೆ ಆರಕ್ಕೆ ಅವಳು ಶೂ ಕಟ್ಟುವ ಗಳಿಗೆಗೇ ಅಪ್ಪು ಏಳುತ್ತಿದ್ದ, ಅದೇ ಗಳಿಗೆಗೆ ನಾಗರಾಜು ಮಗ್ಗುಲು ಬದಲಿಸಿ ಮಲಗುತ್ತಿದ್ದ. ಮಗುವಿಗೆ ಎಂಟು ತಿಂಗಳಾಗಿ, ಕತ್ತು ಗಟ್ಟಿಯಾಗಿ, ತಾನೇ ಕೂರುವಂತಾದಾಗ ಗಾಡಿಯಲ್ಲಿ ತಳ್ಳಿಕೊಂಡು ಓಡಬಹುದೇ ಎಂದು ಗಗನ ಡಾಕ್ಟರನ್ನು ಕೇಳಿದ್ದಳು. "ಓಡಮ್ಮ, ಮೆಲ್ಲಗೆ ಶುರು ಮಾಡು, ಹಳ್ಳ ದಿಣ್ಣೆ ನೋಡ್ಕೊ" ಎಂದಿದ್ದರು.

ನಾಗರಾಜು ಆ ಭಾನುವಾರದ ಮರುದಿನವೇ ಫೈಲು ತೆರೆದ. ಮೇಲೆ ದುಂಡಗೆ ‘ವಿಷಯ: ಮಗುವನ್ನು ಕೂರಿಸಿಕೊಂಡು ಓಡಲು ಯೋಗ್ಯವಾದ ಗಾಡಿಯ ಆಯ್ಕೆ ಕುರಿತು’ ಎಂದು ಬರೆದ. ಪರದೇಶದವರ ವಿಡಿಯೋಗಳನ್ನು ಊಟ ಮಾಡುತ್ತ ನೋಡಿದ, ಕಚೇರಿಯಲ್ಲಿ ಸಾಹೇಬರಿಗೆ ಕಾಯುತ್ತ ನೋಡಿದ. ಹದಿನೈದು ದಿನದಲ್ಲಿ ಆ ಗಾಡಿಗಳ ಬಗ್ಗೆ ಅವನಿಗೆ ಗೊತ್ತಿಲ್ಲದ್ದು ಏನೂ ಉಳಿಯಲಿಲ್ಲ. ನಾಲ್ಕಲ್ಲ, ಮೂರು ಚಕ್ರ ಇದ್ದರೆ ಒಳ್ಳೆಯದು. ಚಕ್ರ ದೊಡ್ಡದಿರಬೇಕು, ಸೈಕಲ್ಲಿನ ಹಾಗೆ ಗಾಳಿ ತುಂಬುವಂಥದ್ದಿರಬೇಕು. ಓಡುವಾಗ ಮುಂದಿನ ಚಕ್ರ ಅತ್ತಿತ್ತ ತಿರುಗದಂತೆ ಬಿಗಿಯಾಗಿರಬೇಕು. ಹಿಡಿಯಲ್ಲಿ ಬ್ರೇಕು ಬೇಕು, ಮಗುವಿನ ಭುಜಕ್ಕೆ, ಸೊಂಟಕ್ಕೆ, ತೊಡೆಸಂದಿಗೆ ಬೆಲ್ಟು ಬೇಕು. ತಳ್ಳುವವರ ಕೈ ಜಾರಿದರೆ ಗಾಡಿ ಓಡಿಹೋಗದಂತೆ ಮಣಿಕಟ್ಟಿಗೆ ಒಂದು ಪಟ್ಟಿಯೂ ಬೇಕು. ಇದನ್ನೆಲ್ಲ ಅವನು ಎಷ್ಟು ಚೆನ್ನಾಗಿ ವಿವರಿಸುತ್ತಿದ್ದನೆಂದರೆ ಮೊದಲ ವಾರ ಗಗನ ಹೆಮ್ಮೆಯಿಂದ ಕೇಳಿದಳು. ಎರಡನೇ ವಾರ ಸುಮ್ಮನೆ ಕೇಳಿದಳು. ಮೂರನೇ ವಾರ ಅವನು ಹಾಳೆ ಬಿಡಿಸಿದ ಕೂಡಲೇ ಬಟ್ಟೆ ಒಣಹಾಕಲು ಹೋದಳು.

ಹನ್ನೊಂದು ಗಾಡಿಗಳನ್ನು ಹತ್ತೊಂಬತ್ತು ಅಂಶಗಳಲ್ಲಿ ತೂಗಿ ನೋಡಿ ಅಂಕ ಹಾಕಿದ. ಯಾರ ಮೇಲೂ ಅನ್ಯಾಯವಾಗಬಾರದೆಂದು ಎಲ್ಲ ಅಂಶಕ್ಕೂ ಸಮನಾಗಿ ಗರಿಷ್ಠ ಹತ್ತತ್ತು ಅಂಕ ಇಟ್ಟ. ಬ್ರೇಕಿಗೂ ಹತ್ತು, ನೀರಿನ ಬಾಟಲಿ ಇಡುವ ಜಾಗಕ್ಕೂ ಹತ್ತು. ಮುಂದಿನ ಚಕ್ರಕ್ಕೆ ಹತ್ತು, ಬಣ್ಣಕ್ಕೆ ಹತ್ತು. ಅಭಿಪ್ರಾಯ ಸಂಗ್ರಹವನ್ನೂ ಬಿಡಲಿಲ್ಲ. ಪಕ್ಕದ ಮನೆಯಲ್ಲಿದ್ದ, ಸಕ್ಕರೆ ಕಾರ್ಖಾನೆಯಿಂದ ನಿವೃತ್ತರಾದ ಚೌಡಯ್ಯನವರು ಹಾಳೆಯನ್ನು ಪೂರಾ ಓದಿ ಕನ್ನಡಕ ತೆಗೆದರು.

"ಎಲ್ಲಾ ಸರಿ ನಾಗರಾಜು. ಮಗೀನ ತಳ್ಕಂಡು ಓಡದ್ಯಾಕೆ? ಯಾರಾದ್ರೂ ಅಟ್ಟುಸ್ಕಂಡು ಬತ್ತಾವ್ರಾ?"

ನಿಡಘಟ್ಟದಲ್ಲಿದ್ದ ತಾಯಿ ಬೆಟ್ಟಮ್ಮನಿಗೆ ಫೋನು ಮಾಡಿದರೆ, "ನಿನ್ನ ಕಂಕಳಲ್ಲಿ ಎತ್ಕಂಡೇ ನಾಲ್ಕು ಎಕರೆ ನಾಟಿ ಮಾಡಿವ್ನಿ ಕಣ್ಲಾ. ಗಾಡಿ ಕೇಳ್ದ್ನಾ ನಾನು?" ಎಂದಳು. ನಾಗರಾಜು ಅದನ್ನೂ ‘ಪ್ರತಿಕೂಲ’ ಎಂಬ ಕಾಲಮ್ಮಿನಲ್ಲಿ ಬರೆದುಕೊಂಡ. ಆಮೇಲೆ ಮುಂಜಾನೆ ಓಟಗಾರರ ವಾಟ್ಸಾಪ್ ಗುಂಪಿಗೆ ಸೇರಿದ. ಅದರಲ್ಲಿ ಇನ್ನೂರ ಹನ್ನೆರಡು ಜನರಿದ್ದರು, ಓಡುವವರು ಆರು ಜನ. ಮಿಕ್ಕವರು ಇಡೀ ದಿನ ಬಿಡುವಾಗಿದ್ದುದರಿಂದ ಸಲಹೆಗಳಿಗೆ ಬರವಿರಲಿಲ್ಲ.

ಅಪ್ಪು ಮಾತ್ರ ಸಹಕರಿಸಲಿಲ್ಲ. ಪಟ್ಟಿ ತಯಾರಾದಾಗ ಅವನ ತೂಕ ಎಂಟು ಕೆ.ಜಿ. ಪಟ್ಟಿ ಪರಿಶೀಲನೆ ಮುಗಿಯುವಾಗ ಒಂಬತ್ತಾಯಿತು. ಕಾಲೂ ಉದ್ದವಾಯಿತು. ನಾಗರಾಜು ನಿಟ್ಟುಸಿರು ಬಿಟ್ಟು ಪರಿಷ್ಕೃತ ಪಟ್ಟಿ ಮಾಡಿದ. ಬೆಳೆಯುವ ವಸ್ತುವಿಗೆ ಖರೀದಿ ಮಾಡುವುದು ಎಷ್ಟು ಕಷ್ಟವೆಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ ಎಂದು ಹೆಂಡತಿಗೆ ಹೇಳಿದ. ನಿಜ ಹೇಳಬೇಕೆಂದರೆ, ಗಾಡಿ ಬಂದ ದಿನದಿಂದ ತಾನೂ ಆರು ಗಂಟೆಗೆ ಏಳಬೇಕಾಗಬಹುದು ಎಂಬ ಒಂದು ಸಣ್ಣ ಗುಮಾನಿ ಅವನೊಳಗೆ ಇತ್ತು. ಅದು ಹಾಳೆಯಲ್ಲಿ ಯಾವ ಕಾಲಮ್ಮಿನಲ್ಲೂ ಇರಲಿಲ್ಲ.

ನಾಲ್ಕನೇ ತಿಂಗಳಲ್ಲಿ ಗಗನ ಅಡುಗೆಮನೆಯಿಂದಲೇ ಹೇಳಿದಳು: "ಜನವರೀಲಿ ಮೈಸೂರಲ್ಲಿ ಹತ್ತು ಕಿಲೋಮೀಟರ್ ಓಟ ಅದೆ. ಹೆಸರು ಕೊಟ್ಟಿದ್ದೀನಿ."

"ಗಾಡಿ ಇನ್ನೂ ಅಂತಿಮ ಆಗಿಲ್ವಲ್ಲ?"

"ಅದಕ್ಕೇ ಹೇಳ್ತಿರೋದು. ಈ ಭಾನುವಾರ ಅಂಗಡಿಗೆ ಹೋಗೋಣ. ನಿಮ್ಮ ಪಟ್ಟೀಲಿ ಫಸ್ಟ್ ಬಂದಿರೋದನ್ನ ತೋರ್ಸಿ."

ಪಟ್ಟಿಯಲ್ಲಿ ಮೊದಲ ಸ್ಥಾನ ಬಂದಿದ್ದದ್ದು ಒಂದು ನೀಲಿ ಗಾಡಿ. ಬಾಟಲಿ, ಮೊಬೈಲು, ಕೊಡೆ ಎಲ್ಲಕ್ಕೂ ಅದರಲ್ಲಿ ಜಾಗವಿತ್ತು, ಮಡಚಿದರೆ ಕೈಚೀಲದಷ್ಟಾಗುತ್ತಿತ್ತು. ಪೇಟೆಯ ಮಕ್ಕಳ ಸಾಮಾನಿನ ಅಂಗಡಿಯವನು ಅದನ್ನು ಬಿಚ್ಚಿ ನಿಲ್ಲಿಸಿದ.

"ಇದು ಓಟಕ್ಕೇ ಮಾಡಿರೋದು ಮೇಡಂ. ಬಾಕ್ಸ್ ಮೇಲೆ ಓಡ್ತಿರೋ ಹೆಂಗಸಿನ ಚಿತ್ರ ಇದೆ ನೋಡಿ."

"ಚಿತ್ರದೋಳು ಓಡ್ತಾಳೆ. ಗಾಡಿ ಓಡ್ತದಾ ನೋಡ್ಬೇಕು" ಎಂದಳು ಗಗನ.

ಮಗುವನ್ನು ನಾಗರಾಜುವಿನ ಕೈಗೆ ಕೊಟ್ಟು, ಪಕ್ಕದ ದಿನಸಿ ಅಂಗಡಿಗೆ ಹೋಗಿ ಹತ್ತು ಕೆ.ಜಿ. ಅಕ್ಕಿ ಚೀಲ ಕೊಂಡು ತಂದಳು. ಅದನ್ನು ಗಾಡಿಯಲ್ಲಿ ಕೂರಿಸಿ ಬೆಲ್ಟು ಹಾಕಿದಳು. ಸೀರೆ ಸೆರಗು ಸಿಕ್ಕಿಸಿಕೊಂಡು, ಅಂಗಡಿ ಮುಂದಿನ ಅಡ್ಡರಸ್ತೆಯಲ್ಲಿ ಗಾಡಿ ತಳ್ಳಿಕೊಂಡು ಓಡಿದಳು. ಸೈಕಲ್ಲಿನವರು ನಿಂತರು, ಹೂವಿನವರು ನಿಂತರು. ಮುಂದಿನ ಸಣ್ಣ ಚಕ್ರ ಮೊದಲು ನಡುಗಿತು, ಆಮೇಲೆ ಹಗ್ಗ ಬಿಚ್ಚಿದ ಕರುವಿನ ತಲೆಯ ಹಾಗೆ ಎಡಕ್ಕೂ ಬಲಕ್ಕೂ ಆಡತೊಡಗಿತು. ಗಗನ ವೇಗ ತಗ್ಗಿಸುವಷ್ಟರಲ್ಲಿ ಡಾಂಬರು ಕಿತ್ತ ಒಂದು ಕಡೆ ಚಕ್ರ ಅಡ್ಡ ತಿರುಗಿ ನಿಂತೇಬಿಟ್ಟಿತು. ಗಾಡಿ ಮುಂದಕ್ಕೆ ಮಗುಚಿಕೊಂಡಿತು. ಚೀಲ ಬೆಲ್ಟಿನಿಂದ ಜಾರಿ ರಸ್ತೆಗೆ ಬಿದ್ದು ಬಾಯಿ ಬಿಟ್ಟಿತು.

ಅಂಗಡಿಯವನು ಓಡಿ ಬಂದ. "ಮಗು ಆಗಿದ್ರೆ ಹಿಡ್ಕೊಂಡು ಕೂತಿರ್ತಿತ್ತು ಮೇಡಂ. ಅಕ್ಕಿಗೇನು ಗೊತ್ತಾಗುತ್ತೆ?"

ಗಗನ ಗಂಡನ ಕಡೆ ನೋಡಿದಳು. ನಾಗರಾಜು ಅಪ್ಪುವನ್ನು ಎದೆಗೆ ಒತ್ತಿ ಹಿಡಿದಿದ್ದ. ಅವನ ಕಣ್ಣು ರಸ್ತೆಯ ಮೇಲೆ ಚೆಲ್ಲಿದ ಅಕ್ಕಿಯ ಮೇಲಿತ್ತು, ಅಕ್ಕಿ ಬಿದ್ದ ಜಾಗದಲ್ಲಿ ಅವನು ನೋಡುತ್ತಿದ್ದದ್ದು ಬೇರೆಯದನ್ನು. ಈ ಗಾಡಿಯ ಮುಂದಿನ ಚಕ್ರಕ್ಕೆ ತಾನು ಕೊಟ್ಟ ಅಂಕ ಹತ್ತಕ್ಕೆ ಎರಡು. ಬಾಟಲಿ ಜಾಗಕ್ಕೆ ಕೊಟ್ಟದ್ದು ಪೂರಾ ಹತ್ತು. ಮಗುವನ್ನು ಹೆಂಡತಿಗೆ ಕೊಟ್ಟು, ರಸ್ತೆಯಲ್ಲಿ ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಲ್ಲಿ ಅಕ್ಕಿ ಬಾಚತೊಡಗಿದ. ಪರಿಚಯದ ಗುತ್ತಿಗೆದಾರರೊಬ್ಬರು ಸ್ಕೂಟರ್ ನಿಲ್ಲಿಸಿ, "ಏನ್ ಸಾರ್ ಇದು?" ಅಂದರು. "ತಾಂತ್ರಿಕ ಪರೀಕ್ಷೆ" ಎಂದ ನಾಗರಾಜು, ತಲೆ ಎತ್ತದೆ.

ಮರುವಾರ ಗಗನ ಯಾರನ್ನೂ ಕೇಳದೆ ಅಪ್ಪುವನ್ನು ಎತ್ತಿಕೊಂಡು ಮದ್ದೂರಿಗೆ ಹೊರಟಳು. ಕಾಲೇಜಿನಲ್ಲಿ ಅವಳ ಜೊತೆ ರಿಲೇ ಓಡುತ್ತಿದ್ದ ರುಕ್ಸಾರ್ ಅಲ್ಲಿದ್ದಳು. ರುಕ್ಸಾರಳ ಗಂಡ ಶಾಕಿರ್ ದುಬೈನಲ್ಲಿದ್ದಾಗ ಮಗಳು ಆಲಿಯಾಗೆಂದು ಇಂಥದೇ ಒಂದು ಗಾಡಿ ತಂದಿದ್ದ. ಆಲಿಯಾಗೆ ಈಗ ನಾಲ್ಕು ವರ್ಷ. ಗಾಡಿ ರುಕ್ಸಾರಳ ಅಪ್ಪ ಬಾಬು ಜಾನ್‌ರ ಮೆಕ್ಯಾನಿಕ್ ಶಾಪಿನಲ್ಲಿ ಧೂಳು ತಿನ್ನುತ್ತಿತ್ತು. "ನೀವು ಬರೋದು ಬೇಡ" ಎಂದು ಗಗನ ಹೇಳಿದರೂ ನಾಗರಾಜು ಜೊತೆಗೇ ರೈಲು ಹತ್ತಿದ. ಫೈಲೂ ಬಂತು.

ಬಾಬು ಜಾನ್ ಗಾಡಿಯನ್ನು ಅಂಗಳಕ್ಕೆ ಎಳೆದು ನೀರು ಹೊಡೆದರು. ಮೂರು ದೊಡ್ಡ ಚಕ್ರ, ಬಣ್ಣ ಮಾಸಿದ ಬಟ್ಟೆ, ಬಾಟಲಿ ಇಡಲು ಏನೂ ಇಲ್ಲ. ನಾಗರಾಜು ಪೆನ್ನು ತೆಗೆದ.

"ಯಾವ ವರ್ಷದ್ದು ಇದು?"

"ನಮ್ಮ ಆಲಿಯಾ ಹುಟ್ಟಿದ ವರ್ಸದ್ದು."

"ಬ್ರೇಕು ಹೇಗಿದೆ?"

"ಹಿಡಿದ್ರೆ ನಿಲ್ತದೆ ಸಾ. ಅದಕ್ಕೇ ತಾನೆ ಬ್ರೇಕು."

"ವಾರಂಟಿ?"

"ನಾನಿರೋ ಗಂಟ" ಎನ್ನುತ್ತ ಬಾಬು ಜಾನ್ ಕೊಳೆತಿದ್ದ ಟ್ಯೂಬುಗಳನ್ನು ಕಿತ್ತು, ಮಕ್ಕಳ ಸೈಕಲ್ಲಿನ ಟ್ಯೂಬು ಹಾಕಿ ಗಾಳಿ ತುಂಬಿದರು. ಬ್ರೇಕಿನ ಕೇಬಲ್ ಹೊಸದು ಹಾಕಿದರು. ಮುಂದಿನ ಚಕ್ರದ ಬೀಗ ಬಿಗಿ ಮಾಡಿ, ಕೈಯಲ್ಲಿ ಅಲ್ಲಾಡಿಸಿ ನೋಡಿ ನಾಗರಾಜುವಿಗೂ ತೋರಿಸಿದರು. "ಇದು ಆಡ್ಬಾರ್ದು. ತಿರುಗುಸ್ಬೇಕಾದ್ರೆ ಹಿಡಿ ಕೆಳಕ್ಕೆ ಒತ್ತಿ ಮುಂದ್ಗಡೆ ಎತ್ಕೊಳ್ಳಿ. ಓಡೋವಾಗ ಬೀಗ ತೆಗೀಬೇಡಿ, ಅಷ್ಟೇ ಕಾನೂನು."

ಪರೀಕ್ಷೆಗೆ ಯಾರೂ ಕರೆಯದೆಯೇ ಆಲಿಯಾ ಬಂದು ಕೂತಳು. ತಾನೇ ಬೆಲ್ಟು ಹಾಕಿಕೊಂಡು, "ಸಣ್ಣೋಳಿದ್ದಾಗ ಇದು ನಂದೇ ಆಗಿತ್ತು" ಎಂದು ನಾಗರಾಜುವಿಗೆ ತಿಳಿಸಿದಳು. ಗಗನ ಅಪ್ಪುವನ್ನು ಗಂಡನ ಕೈಗೆ ಕೊಟ್ಟು ಮಣಿಕಟ್ಟಿಗೆ ಪಟ್ಟಿ ಸಿಕ್ಕಿಸಿಕೊಂಡಳು. ರುಕ್ಸಾರ್ ದುಪಟ್ಟಾ ಸೊಂಟಕ್ಕೆ ಕಟ್ಟಿದಳು. ಶಾಪಿನ ಹಿಂದಿನ ಮಣ್ಣುರಸ್ತೆಯಲ್ಲಿ ಇಬ್ಬರೂ ಹೊರಟರು. ಮೊದಲು ಹಗುರವಾಗಿ, ಕೆರೆ ಕಡೆ ತಿರುಗುವಲ್ಲಿಂದ ಜೋರಾಗಿ. ಗಾಡಿ ಗೆರೆ ಎಳೆದ ಹಾಗೆ ನೇರ ಹೋಯಿತು. ಗುಂಡಿಗಳ ಮೇಲೆ ಆಲಿಯಾ ಕುಣಿದು ನಕ್ಕಳು, ಗಾಡಿ ಮಾತ್ರ ಅಡ್ಡ ಹೋಗಲಿಲ್ಲ.

ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಗಗನಳ ಪದಕಗಳನ್ನು ನಾಗರಾಜು ನೋಡಿದ್ದ, ಗೋಡೆಗೆ ಮೊಳೆ ಹೊಡೆದು ನೇತುಹಾಕಿದವನೂ ಅವನೇ. ಅವಳು ಓಡುವುದನ್ನು ನೋಡಿದ್ದು ಇದೇ ಮೊದಲು. ಅಂಗಡಿ ಮುಂದೆ ನೋಡಿದ್ದು ಲೆಕ್ಕಕ್ಕಿಲ್ಲ, ಅಲ್ಲಿ ಅವನು ಗಾಡಿ ನೋಡುತ್ತಿದ್ದ. ಅವಳ ಕಾಲು ನೆಲ ಮುಟ್ಟಿದ್ದೇ ಗೊತ್ತಾಗುತ್ತಿರಲಿಲ್ಲ. ಮನೆಯಲ್ಲಿ ಸದಾ ಏನನ್ನೋ ಮರೆತವಳ ಹಾಗೆ ಇರುತ್ತಿದ್ದ ಮುಖ ಈಗ ಏನೂ ಮರೆಯದವಳ ಮುಖವಾಗಿತ್ತು. ನಾಲ್ಕು ತಿಂಗಳು ಇದನ್ನೇ ತಾನು ಹಾಳೆಯ ಕೆಳಗೆ ಒತ್ತಿಟ್ಟಿದ್ದೆ ಎನಿಸಿ ನಾಗರಾಜು ಪೆನ್ನನ್ನು ಜೇಬಿಗೆ ಸಿಕ್ಕಿಸಿದ. ಬಾಬು ಜಾನ್ ಪಕ್ಕದಲ್ಲಿ ನಿಂತು ಕೈ ಒರೆಸಿಕೊಳ್ಳುತ್ತಿದ್ದರು.

"ನಮ್ಮ ಹುಡುಗೀನೂ ಹಿಂಗೇ ಓಡ್ತಿದ್ಲು ಸಾ. ನಾನೇ ಸಾಕು ನಿಲ್ಸು ಅಂದೆ. ಅನ್ಬಾರ್ದಾಗಿತ್ತು."

ರುಕ್ಸಾರ್ ಗಾಡಿಗೆ ಏನೂ ತೆಗೆದುಕೊಳ್ಳಲಿಲ್ಲ. "ಮುಗಿದ ಮೇಲೆ ವಾಪಸ್ ತಂದ್ಕೊಡೆ, ಮುಂದಿನೋಳಿಗೆ ಕೊಡಾಣ" ಎಂದಳು. ನಾಗರಾಜು ಅಭ್ಯಾಸಬಲದಿಂದ "ಒಂದು ರಶೀದಿ..." ಎಂದು ಬಾಯಿ ತೆರೆದ, ಗಗನ ತಿರುಗಿ ನೋಡಿದಳು, ಮುಚ್ಚಿದ. ವಾಪಸು ರೈಲಿನಲ್ಲಿ ಗಾಡಿ ಮಡಚಲು ಬರಲಿಲ್ಲ. ಬೋಗಿಯ ಬಾಗಿಲ ಬಳಿ ಅಪ್ಪು ಅದರಲ್ಲೇ ಮಲಗಿ ಮಂಡ್ಯದವರೆಗೆ ಬಂದ, ನಾಗರಾಜು ಬ್ರೇಕು ಹಿಡಿದು ನಿಂತಿದ್ದ.

ಆಮೇಲೆ ನಡೆದದ್ದು ಅವನು ಹೆದರಿದ್ದಂತೆಯೇ. ಗಗನ ವಾರದಲ್ಲಿ ನಾಲ್ಕು ದಿನ ತಾನೇ ಅಪ್ಪುವನ್ನು ತಳ್ಳಿಕೊಂಡು ನಾಲೆ ಏರಿಯ ಮೇಲೆ ಓಡಿದಳು. ಇನ್ನೆರಡು ದಿನ ಜೋರು ಓಟ, ಆಗ ಕೈ ಖಾಲಿ ಇರಬೇಕಿತ್ತು. ಆ ಎರಡು ದಿನ ನಾಗರಾಜುವಿನವು. ಅಷ್ಟರಲ್ಲಿ ಅವನು ವಾಟ್ಸಾಪ್ ಗುಂಪಿನಲ್ಲಿ ಗಾಡಿ ಆರಿಸುವ ಬಗ್ಗೆ ಉದ್ದನೆಯ ಬರಹ ಹಾಕಿ ಎಪ್ಪತ್ತು ಹೆಬ್ಬೆರಳಿನ ಮೆಚ್ಚುಗೆ ಗಳಿಸಿದ್ದ. ಹಾಗಾಗಿ ಹೋಗುವುದಿಲ್ಲ ಎನ್ನಲೂ ಆಗುತ್ತಿರಲಿಲ್ಲ.

ಜನವರಿಯಲ್ಲಿ ಗಗನ ಮೈಸೂರಿನಲ್ಲಿ ಒಂಬತ್ತನೆಯವಳಾಗಿ ಬಂದಳು. ಅವಳ ಮುಂದಿದ್ದ ಎಂಟೂ ಜನ ಕಾಲೇಜು ಹುಡುಗಿಯರು. "ಮುಂದಿನ ವರ್ಷ ನೋಡ್ಕೋತೀನಿ" ಎಂದಳು.

ಅದಾದ ಮೇಲಿನ ಗುರುವಾರ, ನಾಲೆ ಏರಿಯ ಮೇಲೆ ಅವಳು ದೂರದಲ್ಲಿ ಚುಕ್ಕೆಯಾಗಿದ್ದಳು. ಹಿಂದೆ ನಾಗರಾಜು ಗಾಡಿ ತಳ್ಳಿಕೊಂಡು ಓಡುತ್ತಿದ್ದ, ಎಂದರೆ ಓಟದ ಭಂಗಿಯಲ್ಲಿ ನಡೆಯುತ್ತಿದ್ದ. ಹುಲ್ಲು ಕೊಯ್ಯುತ್ತಿದ್ದ ಮರಿತಾಯಮ್ಮ ಎಂಬ ಮುದುಕಿ ಕುಡುಗೋಲು ಕೆಳಗಿಟ್ಟು ಗಾಡಿಯನ್ನೇ ನೋಡಿದಳು.

"ಯಾಕಪ್ಪ, ಮಗೀಗೆ ಕಾಲು ಬರಾಕಿಲ್ವಾ?"

ನಾಗರಾಜು ನಿಂತ. ಹತ್ತೊಂಬತ್ತು ಅಂಶಗಳೂ ನಾಲಿಗೆ ತುದಿಗೆ ಬಂದವು, ಉಸಿರು ಬರಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಬಗ್ಗಿ, "ಅಂಗಲ್ಲ ಕಣವ್ವ... ನಮ್ಮೆಂಗಸ್ರು... ಓಡ್ತಾರೆ" ಎಂದಷ್ಟೇ ಹೇಳಿದ.

ಮುದುಕಿ ದೂರದ ಚುಕ್ಕೆಯನ್ನು ನೋಡಿದಳು, ಬಗ್ಗಿ ನಿಂತವನನ್ನು ನೋಡಿದಳು. "ಅಂಗಾರೆ ಕಾಲು ಬರ್ದೇ ಇರೋನು ನೀನು. ಕುಂತ್ಕೊ ಒಂದ್ಗಳಿಗೆ."

ಅವನು ಏರಿಯ ಕಲ್ಲಿನ ಮೇಲೆ ಕೂತ. ಒಂದು ಗಳಿಗೆಯೂ ಆಗಿರಲಿಲ್ಲ, ಗಾಡಿ ನಿಂತದ್ದು ಹಿಡಿಸದೆ ಅಪ್ಪು ಎರಡೂ ಕಾಲು ಒದ್ದು ಕೂಗಿದ. ನಾಗರಾಜು ಎದ್ದು, ಪಟ್ಟಿ ಮಣಿಕಟ್ಟಿಗೆ ಸಿಕ್ಕಿಸಿಕೊಂಡು, ಬ್ರೇಕು ಬಿಟ್ಟು ತಳ್ಳಿದ.