ಮೂಗಿಗೆ ಯಾರು ದಾರ ಕಟ್ಟಿದ್ದರು

ಬೆಚ್ಚಗೆ, ಮತ್ತೆ ಬೆಚ್ಚಗೆ, ಅಂಗೈ ಕೆಳಗಿನ ಬಟ್ಟೆ ತೊಯ್ದಿದೆ, ಉಚ್ಚೆಯಾಗಿರಲಿ ಎಂದು ದೇವವ್ವ ಮಡಿಕೆ ಬಿಡಿಸಿ ನೋಡುತ್ತಾಳೆ, ಅಲ್ಲ, ರಕ್ತವೇ, ಮೂರು ದಿನದ ಹೆಣ್ಣುಕೂಸಿನ ಹೊಕ್ಕುಳಿಂದ ಒಸರುತ್ತಲೇ ಇದೆ — ಚಕ್ಕಡಿ ಈಗಷ್ಟೇ ಅಸುಂಡಿ ದಾಟಿದೆ, ಜಲ್ದಿ ಹೊಡೀರಿ ಅಂದರೆ ಗಂಡ ಹೊಳೆಯಪ್ಪ ಎತ್ತಿನ ಬಾಲ ತಿರುವುತ್ತಾನೆ, ಹಿಂದೆ ನೋಡುವುದಿಲ್ಲ, ಅವ್ವನಿಗೆ ಹೆದರಿದವನು, ಹೆದರಿಯೂ ಗಾಡಿ ಹೂಡಿದನಲ್ಲ, ಅಷ್ಟು ಸಾಕು. ಐದನೆಯ ದಿನದ ಪೂಜೆ ಮುಗಿಯದೆ ಬಾಣಂತಿ ಹೊಸ್ತಿಲು ದಾಟಬಾರದಂತೆ, ಅತ್ತೆ ಕರೆವ್ವ ಬಾಗಿಲಿಗೆ ಅಡ್ಡ ಕೂತಿದ್ದಳು, ದಾಟಿದಿ ಅಂದ್ರ ಕೂಸಿಗೆ ಗಾಳಿ ಸೋಕತೈತಿ ನೋಡು — ಸೋಕಲಿ, ಹೋದ ಸಲ ಒಳಗೇ ಕೂತಿದ್ದಳಲ್ಲ, ತವರಿಲ್ಲದವಳು, ಕಿಟಕಿ ಮುಚ್ಚಿ, ಹೊಗೆ ಹಾಕಿಸಿಕೊಂಡು, ಹೇಳಿದ್ದನ್ನೆಲ್ಲ ಕೇಳಿಕೊಂಡು, ಉಳಿಯಿತೇ ಗಂಡುಮಗು? ಅದಕ್ಕೂ ಮೂರನೆಯ ದಿನವೇ ರಕ್ತ, ಸೂಲಗಿತ್ತಿ ಮುತ್ತವ್ವ ಹೊಕ್ಕುಳ ದಾರ ಸಡಿಲ ಕಟ್ಟ್ಯಾಳ ಅಂತ ಮನೆಯವರದೆಲ್ಲ ಒಂದೇ ಬಾಯಿ, ಅತ್ತೆ ಬಿಗಿದಳು, ಮತ್ತೆ ಬಿಗಿದಳು, ನಾಲ್ಕು ಸುತ್ತು, ಸಂಜೆಗೆ ಕೂಸು ಸುಣ್ಣದ ಹಾಗೆ ಬೆಳ್ಳಗೆ ಮಲಗಿತ್ತು. ಆಮೇಲೆ ಮುತ್ತವ್ವನನ್ನು ಊರಲ್ಲಿ ಯಾರೂ ಹೆರಿಗೆಗೆ ಕರೆಯಲಿಲ್ಲ, ದೇವವ್ವನೂ ಶಪಿಸಿದ್ದಳು, ಬಾಯ್ತುಂಬ ಶಪಿಸಿದ್ದಳು, ನೆನೆದರೆ ನಾಲಿಗೆ ಕಿತ್ತಿಡಬೇಕು ಅನಿಸುತ್ತದೆ. ಈ ಸಲ ಕುರ್ತಕೋಟಿಯ ಸೂಲಗಿತ್ತಿ, ದಾರ ಬಿಗಿಯಾಗಿಯೇ ಕಟ್ಟಿದಳು, ಆದರೂ ಬೆಳಿಗ್ಗೆ ಹೊಕ್ಕುಳಲ್ಲಿ ರಕ್ತ, ಮೂಗಿನಲ್ಲೂ ರಕ್ತ — ಮೂಗಿಗೆ ಯಾರು ದಾರ ಕಟ್ಟಿದ್ದರು? ಕೇಳಿಯೇಬಿಟ್ಟಳು, ಮೂಗಿಗೂ ಮುತ್ತವ್ವನೇ ಕಟ್ಟ್ಯಾಳೇನ್ರಿ ಅತ್ತಿ, ಕರೆವ್ವ ಮೇಲೇಳುವಷ್ಟರಲ್ಲಿ ಕೂಸನ್ನು ಎದೆಗವಚಿಕೊಂಡು ಅವಳ ಮೊಣಕಾಲು ದಾಟಿ ಅಂಗಳಕ್ಕೆ ಬಿದ್ದಾಗಿತ್ತು.

ಗದಗಿನಲ್ಲಿ ಹಾದಿ ತುಂಬ ಜನ, ಬಾಜಾಭಜಂತ್ರಿ, ಕನ್ನಡನಾಡು ಒಂದಾತು ಅಂತ ಮೆರವಣಿಗೆ, ಚಕ್ಕಡಿ ನಿಂತೇ ಬಿಟ್ಟಿತು, ಸ್ವಲ್ಪ ತಡಿ ಅಂದ ಹೊಳೆಯಪ್ಪ, ತಡೆದದ್ದು ಸಾಕು, ಇಳಿದಳು, ನಡೆದಳು, ಸರೀರಿ, ಹಾದಿ ಬಿಡ್ರಿ, ಸಕ್ಕರೆ ಹಂಚುವವನೊಬ್ಬ ಮುಂದೆ ಬಂದವನು ಬಟ್ಟೆ ನೋಡಿ ಹಿಂದೆ ಸರಿದ, ನಾಡು ಒಂದಾಗಲಿ, ಚೊಲೋ ಆಗಲಿ, ಮೊದಲು ಇದು ಉಳಿಯಲಿ. ದವಾಖಾನೆಯಲ್ಲಿ ದಾಕ್ತರಬಾಯಿ ಹೊಕ್ಕುಳು ನೋಡಿದಳು, ಮೂಗು ನೋಡಿದಳು, ಒಸಡು ನೋಡಿದಳು, ದಾರ ಕಟ್ಟಿದವರಾರು ಎಂದು ಕೇಳಲೇ ಇಲ್ಲ. ರಕ್ತ ಹೆಪ್ಪುಗಟ್ಟಾಕ ಒಂದು ಸತ್ವ ಬೇಕವ್ವಾ, ವಿಟಮಿನ್ ಕೆ ಅಂತಾರ, ಹಸಗೂಸಿನ ಮೈಯಾಗ ಅದು ಕಡಿಮಿ ಇರತೈತಿ, ಇದರಾಗ ಯಾರ ತಪ್ಪೂ ಇಲ್ಲ. ಯಾರ ತಪ್ಪೂ ಇಲ್ಲ — ಹಾಗಾದರೆ ಮುತ್ತವ್ವ ತಲೆ ತಗ್ಗಿಸಿ ಓಡಾಡಿದ ಎರಡು ವರ್ಷ ಯಾರ ಪಾಲಿಗೆ, ಊರಿಗೆ ಹೋದರೆ ಮೊದಲು ಅವಳ ಮನೆ, ಕಾಲು ಹಿಡಿಯುತ್ತಾಳೆ, ಐದನೆಯ ದಿನದ ಪೂಜೆಗೆ ಅವಳನ್ನೇ ಮುಂದೆ ಕೂಡಿಸುತ್ತಾಳೆ, ಅತ್ತೆ ಅನ್ನುವುದನ್ನು ಅನ್ನಲಿ — ಆದರೆ ಕೂಸು, ಕೂಸು ಉಳಿಯಬೇಕಲ್ಲ. ಸೂಜಿ ಚುಚ್ಚಿದಾಗ ಕಿರುಚಿತು, ಕಿರುಚಲಿ, ಅಷ್ಟಾದರೂ ಜೀವ ಇದೆ. ಸೂಜಿ ತೆಗೆದ ತೊಡೆಯ ಮೇಲೆ ಒಂದು ಕೆಂಪು ಚುಕ್ಕಿ. ಹತ್ತಿ ಒತ್ತಿ ಹಿಡಿ, ಮದ್ದು ಹತ್ತಾಕ ಒಂದೆರಡು ತಾಸು ಬೇಕು, ತಗದು ತಗದು ನೋಡಬ್ಯಾಡ. ನೋಡುತ್ತಾಳೆ, ನೋಡದೆ ಹೇಗಿದ್ದಾಳು, ಹತ್ತಿ ತೊಯ್ದಿದೆ, ಬೇರೆ ಹತ್ತಿ, ಅದೂ ತೊಯ್ದಿದೆ, ಮತ್ತೆ ಚುಕ್ಕಿ, ಬಾಗಿಲಲ್ಲಿ ಹೊಳೆಯಪ್ಪ ಬಂದು ನಿಂತ, ಹೆಂಗೈತಿ ಅಂದ, ಹೊರಗೆ ಬಾಜಾ ದೂರವಾಯಿತು, ಬಿಸಿಲು ಕಿಟಕಿ ದಾಟಿತು, ಹತ್ತಿ ಎತ್ತಿದಳು, ಚುಕ್ಕಿ, ಒರೆಸಿದಳು, ಕಾದಳು, ಎಳ್ಳಿನಷ್ಟು ಚುಕ್ಕಿ, ಈ ಸಲ ಒರೆಸಲಿಲ್ಲ, ಕಣ್ಣು ಕೀಳಲಿಲ್ಲ, ಉಸಿರು ಬಿಗಿಹಿಡಿದು ಕಾದಳು, ಬೆಳೆಯಲಿಲ್ಲ ಚುಕ್ಕಿ, ಹರಿಯಲಿಲ್ಲ, ಮೆಲ್ಲಗೆ ಬೆರಳು ತಾಗಿಸಿದಳು, ಬೆರಳಿಗೆ ಏನೂ ಹತ್ತಲಿಲ್ಲ, ಚುಕ್ಕಿ, ಒಣಗಿದ ಚುಕ್ಕಿ.