ಬಿಡ್ತು ಅನ್ನದ ದಿನ

ಮಗು ಕುತ್ತಿಗೆ ನಿಲ್ಲಿಸಿ ನಗಲು ಕಲಿತ ಹೊತ್ತಿಗೆ ನಮ್ಮ ಸರೋಜಮ್ಮ ಅತ್ತಿಗೆ ಅದನ್ನು ಎತ್ತಿಕೊಳ್ಳುವುದನ್ನೇ ಬಿಟ್ಟರು. ಹಾಲು ಕುಡಿಸಬೇಕಾದರೂ ಗೋಡೆಗೆ ಒರಗಿ ನೆಲದ ಮೇಲೆ ಕೂರುತ್ತಿದ್ದರು. ಅವ್ವ ಮಗುವನ್ನು ತಂದು ಮಡಿಲಿಗೆ ಹಾಕಿ ಪಕ್ಕದಲ್ಲೇ ಕಾದಿರಬೇಕು. ಮುಗಿದ ಕೂಡಲೇ “ತಗಳಿ ಅತ್ತೆ, ತಗಳಿ” ಎನ್ನುತ್ತಿದ್ದರು. ಹಿತ್ತಲ ಬಾವಿಯ ಕಡೆಗಂತೂ ಮುಖ ಮಾಡುತ್ತಿರಲಿಲ್ಲ. ನೀರು ಸೇದುವ ಕೆಲಸ ನನ್ನ ಪಾಲಿಗೆ ಬಂತು.

ಅದು ಅರವತ್ತೆರಡನೆಯ ಇಸವಿ. ನಾನು ಕಾಲೇಜು ಮುಗಿಸಿ ಮಧುಗಿರಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಅಣ್ಣ ನಾಗಲಿಂಗಯ್ಯನಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ. ಹೆಂಡತಿಗೆ ಏನಾಗಿದೆಯೆಂದು ಅವನಿಗೂ ತಿಳಿಯಲಿಲ್ಲ. ಬಾಣಂತಿ ಗಾಳಿ ಇರಬೇಕೆಂದು ಅವ್ವ ತಾಯತ ಕಟ್ಟಿಸಿದಳು. ಹೆತ್ತ ಮಗುವೇ ಬೇಡವಾಗಿದೆ ಎಂದು ಬೀದಿಯವರು ಆಡಿಕೊಂಡರು. ಪಾವಗಡಕ್ಕೆ ಕೊಟ್ಟಿದ್ದ ನಮ್ಮ ಅಕ್ಕನಿಗೆ ಮಕ್ಕಳಿರಲಿಲ್ಲ. ಶಿವರಾತ್ರಿ ಕಳೆದ ಮೇಲೆ ಮಗು ಅಲ್ಲಿಗೆ ಹೋಗಲಿ, ತಾಯಿ ಸುಧಾರಿಸಿಕೊಂಡ ಮೇಲೆ ನೋಡೋಣ ಎಂದು ಹಿರಿಯರು ಮಾತಾಡಿಕೊಂಡರು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಆದರೆ ಹಾಗೆ ಹೋದ ಮಗು ಮರಳಿ ಬರುವುದು ಅಪರೂಪವೆಂದು ಎಲ್ಲರಿಗೂ ಗೊತ್ತಿತ್ತು. ಅತ್ತಿಗೆಗೂ ಗೊತ್ತಿತ್ತು. ಮಾತು ಮುಗಿದ ಮೇಲೆ ಅವರು ಒಳಗೆ ಹೋಗಿ, ಮಗುವಿನ ಒಗೆದ ಬಟ್ಟೆಗಳನ್ನು ಬಿಡಿಸಿ ಬಿಡಿಸಿ ಮತ್ತೆ ಮಡಿಸುತ್ತ ಕೂತರು.

ಅಂಗಡಿಯ ಜಗಲಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಬಾಷಾ ಸಾಬರು ಒಂದು ದಿನ ಅಣ್ಣನಿಗೆ ಮೆಲ್ಲಗೆ ಹೇಳಿದರಂತೆ: ಸಿರಾದಲ್ಲಿ ತಮ್ಮ ನೆಂಟರ ಹುಡುಗ ಶಫೀವುಲ್ಲಾ ಮನಸ್ಸಿನ ಕಾಯಿಲೆಗಳ ಡಾಕ್ಟರು. ಬೆಂಗಳೂರಿನಲ್ಲಿ ಕೆಲಸ, ಭಾನುವಾರ ಮಾತ್ರ ಮನೆಯಲ್ಲಿ ಜನರನ್ನು ನೋಡುತ್ತಾರೆ. ಕರೆಂಟು ಕೊಡುತ್ತಾರೋ ಏನೋ ಎಂದು ಅವ್ವ ಅತ್ತಳು. ನಾನು ಜೊತೆಗೆ ಹೋಗುತ್ತೇನೆ ಎಂದ ಮೇಲೆ ಒಪ್ಪಿದಳು.

ಕಾರ್ತಿಕದ ಒಂದು ಭಾನುವಾರ ಬಡವನಹಳ್ಳಿಯ ಮೇಲೆ ಹೋಗುವ ಬಸ್ಸು ಹಿಡಿದು ಸಿರಾಕ್ಕೆ ಹೋದೆವು. ಡಾಕ್ಟರ ತಾಯಿ ಬಾಗಿಲಲ್ಲೇ ನಮ್ಮನ್ನು ಎದುರುಗೊಂಡರು. ತಮ್ಮ ಮನೆಯಲ್ಲಿ ಟೀ ಕುಡಿಯುತ್ತೀರಾ ಎಂದು ಕೇಳಿ ನಮ್ಮನ್ನು ಪೇಚಿಗೆ ಸಿಕ್ಕಿಸದೆ, ಒಂದು ಚಿಪ್ಪು ಬಾಳೆಹಣ್ಣು ಮುಂದಿಟ್ಟು ಒಳಗೆ ಹೋದರು. ಸಿಪ್ಪೆ ಇರುವ ಹಣ್ಣಿಗೆ ಯಾರ ಮಡಿಯೂ ಅಡ್ಡಿಯಿಲ್ಲ. ಆ ಜಾಣತನದ ಕರುಣೆ ನನಗೆ ಇಂದಿಗೂ ನೆನಪಿದೆ.

ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಏನೇನು ನಡೆಯುತ್ತದೆ ಎಂದು ಮೊದಲೇ ಹೇಳಿದರು. ಸೂಜಿಯಿಲ್ಲ, ಕರೆಂಟಿಲ್ಲ, ಸದ್ಯಕ್ಕೆ ಮಾತ್ರೆಯೂ ಇಲ್ಲ. ಕೆಲವು ಭಾನುವಾರ ತಾವೂ ಅತ್ತಿಗೆಯೂ ಇಬ್ಬರೇ ಮಾತಾಡುವುದು. ಆಮೇಲೆ, ಮನಸ್ಸಿದ್ದರೆ, ಇನ್ನಿಬ್ಬರು ಹೆಂಗಸರ ಜೊತೆ ಕೂರುವುದು. ಇಲ್ಲಿ ಆಡಿದ್ದು ಇಲ್ಲೇ ಇರುತ್ತದೆ. ಕೆಲವು ದಿನ ಬಂದದ್ದಕ್ಕಿಂತ ಭಾರವಾಗಿ ಮನೆಗೆ ಹೋಗಬೇಕಾದೀತು, ಅದಕ್ಕೆ ಹೆದರಬೇಡಿ ಎಂದರು. ನನ್ನನ್ನು ಹೊರಗೆ ಕೂರಲು ಹೇಳಿದರು.

ಮೊದಲ ಭಾನುವಾರ ಅತ್ತಿಗೆ ಒಳಗೆ ಒಂದು ಮಾತೂ ಆಡಲಿಲ್ಲವಂತೆ. ಎರಡನೆಯ ಸಲವೂ ಅಷ್ಟೆ. ಹಿಂದಿರುಗುವ ಬಸ್ಸಿನಲ್ಲಿ ಬೇಸರದಿಂದ ಹೇಳಿದರು: “ಅವ್ರು ಕೇಳದೂ ಇಲ್ಲ, ಬೈಯದೂ ಇಲ್ಲ ಕಣಮ್ಮ. ಸುಮ್ನೆ ಕಾಯ್ತಾರೆ.”

ಮೂರನೆಯ ಸಲ ಡಾಕ್ಟರು ಬೇರೆ ರೀತಿ ಕೇಳಿದರಂತೆ. ಹೇಳಲಾಗದ್ದನ್ನು ಹೇಳಬೇಡಿ, ಹೇಳಿದರೆ ಏನಾಗುತ್ತದೆಂದು ಹೆದರಿಕೆಯೋ ಅಷ್ಟು ಮಾತ್ರ ಹೇಳಿ. ಆಗ ಅತ್ತಿಗೆ ಬಾಯಿಬಿಟ್ಟರಂತೆ: “ಬಾಯಲ್ಲಿ ಅಂದ್ರೆ ಅಸ್ತು ಅಂದ್ಬುಡ್ತಾವೆ ಡಾಕ್ಟ್ರೇ.”

ನಮ್ಮ ಕಡೆಯ ಮನೆಗಳಲ್ಲಿ ಇದು ಎಲ್ಲರೂ ಬಲ್ಲ ಮಾತು. ಅಸ್ತು ದೇವತೆಗಳು ಸುತ್ತಾಡುತ್ತಿರುತ್ತವೆ. ನಾವು ಕೆಟ್ಟದ್ದನ್ನು ಆಡಿದ ಗಳಿಗೆಗೆ ಅವು ‘ಹಾಗೇ ಆಗಲಿ’ ಎಂದುಬಿಟ್ಟರೆ ಮುಗಿಯಿತು. ಅದಕ್ಕೇ ಯಾರಾದರೂ ಬಾಯಿತಪ್ಪಿ ಅಶುಭ ಆಡಿದರೆ ಪಕ್ಕದಲ್ಲಿರುವವರು ‘ಬಿಡ್ತು ಅನ್ನು’ ಎನ್ನುತ್ತಾರೆ. ಬಿಡ್ತು ಎಂದರೆ ಆಡಿದ್ದು ಅಳಿಸಿಹೋಗುತ್ತದೆ. ಆದರೆ ಅತ್ತಿಗೆಯ ಒಳಗಿದ್ದದ್ದು ಬಿಡ್ತು ಎಂದರೂ ಅಳಿಸದಷ್ಟು ದೊಡ್ಡದೆಂದು ಅವರು ನಂಬಿದ್ದರು.

ಡಾಕ್ಟರು ನಗಲಿಲ್ಲ. ತಮ್ಮ ಅಮ್ಮನೂ ಹೀಗೆಯೇ, ಕೆಟ್ಟ ಮಾತು ಕೇಳಿದರೆ ‘ಖೈರ್ ಬೋಲೋ ಬೇಟಾ’ ಎನ್ನುತ್ತಾರೆ, ಒಳ್ಳೆಯದು ಆಡು ಮಗನೇ ಎಂದು, ಅಂದರಂತೆ. ಆ ದಿನ ಅತ್ತಿಗೆ ಬಸ್ಸಿನಲ್ಲಿ ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡಿದರು.

ಸಂಕ್ರಾಂತಿ ಕಳೆಯಿತು. ಪಾವಗಡದಿಂದ ಅಕ್ಕ ತೊಟ್ಟಿಲು ಕಟ್ಟಿಸುತ್ತಿರುವ ಸುದ್ದಿ ಬಂತು. ಆ ವಾರ ಅತ್ತಿಗೆ ತಾವಾಗಿಯೇ ಇತರರ ಜೊತೆ ಕೂರುತ್ತೇನೆ ಎಂದರು. ನಾನೂ ಪಕ್ಕದಲ್ಲಿರಲಿ ಎಂದು ಕೇಳಿದರು. ಡಾಕ್ಟರು ಉಳಿದಿಬ್ಬರ ಒಪ್ಪಿಗೆ ಕೇಳಿದರು. ಒಬ್ಬರು ಗೌಡಗೆರೆಯ ಮಾರಕ್ಕ, ನಿದ್ದೆ ಬಾರದೆ ಸೊರಗಿದ್ದ ರೈತರ ಮನೆಯ ಹೆಂಗಸು. ಇನ್ನೊಬ್ಬರು ಸಿರಾದ ಖಾಜಾಬಿ, ಗಂಡ ತೀರಿಕೊಂಡ ಮೇಲೆ ಮಾತು ಕಡಿಮೆಯಾದ ವೃದ್ಧೆ.

ಮಾರಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಮೇಷ್ಟ್ರಮ್ಮ ಬರ್ಲಿ ಬುಡಿ. ಬೆತ್ತ ಆಚೆ ಮಡಗಿ ಬರ್ಲಿ.”

ಚಾಪೆಯ ಮೇಲೆ ಸುತ್ತ ಕೂತೆವು. ಮುಸ್ಸಂಜೆಗೆ ಮುಂಚೆಯೇ ಮುಗಿಸೋಣ ಎಂದು ಡಾಕ್ಟರು ಹೇಳಿದರು. ಅಸ್ತು ದೇವತೆಗಳ ಓಡಾಟ ಆ ಹೊತ್ತಿನಲ್ಲೇ ಹೆಚ್ಚೆಂದು ಅತ್ತಿಗೆಯಿಂದ ತಿಳಿದುಕೊಂಡಿದ್ದರು. ಆಮೇಲೆ ಅತ್ತಿಗೆ ಚಾಪೆಯ ಅಂಚನ್ನು ಹಿಡಿದುಕೊಂಡು, ನೆಲ ನೋಡುತ್ತ ಹೇಳಿದರು.

“ಬಾವಿ ಹತ್ರ ನಿಂತ್ರೆ, ಮಗೀನ ಒಳಕ್ಕೆ ಹಾಕ್ಬುಡ್ತೀನೇನೋ ಅನ್ಸುತ್ತೆ. ನನ್ನ ಕೈಯಾರೆ.”

ನನ್ನ ಗಂಟಲಿಗೆ ‘ಬಿಡ್ತು ಅನ್ನಿ ಅತ್ತಿಗೆ’ ಎಂಬ ಮಾತು ಬಂದೇಬಿಟ್ಟಿತ್ತು. ಅಷ್ಟರಲ್ಲಿ ಖಾಜಾಬಿ ತಮ್ಮ ಒಣಗಿದ ಕೈಯನ್ನು ನನ್ನ ಮಣಿಕಟ್ಟಿನ ಮೇಲೆ ಇಟ್ಟರು. ಹಿಡಿಯಲಿಲ್ಲ, ಸುಮ್ಮನೆ ಇಟ್ಟರು. ನಾನು ಮಾತು ನುಂಗಿಕೊಂಡೆ. ಯಾರೂ ಬಿಡ್ತು ಅನ್ನಲಿಲ್ಲ. ಆ ಮಾತು ನಮ್ಮ ನಡುವೆ ಹಾಗೇ ಉಳಿಯಿತು. ಹೊರಗೆ ಒಂದು ಜಟಕಾ ಹೋಯಿತು.

ಮಾರಕ್ಕ ಕೆಮ್ಮಿದರು. “ನಂಗೂ ಇಂಗೇ ಆಗಿತ್ತು ಕಣವ್ವ. ರಾಗಿ ಕುಯ್ಯಕ್ಕೋದಾಗ ಮಗೀನ ಮರದಡಿ ಮಲಗ್ಸಿ ಕುಡ್ಲು ಕೈಗೆ ತಗಂಡ್ರೆ, ಇದ್ರಲ್ಲಿ ನಾನೇ ಏನಾರ ಮಾಡ್ಬುಟ್ರೆ ಅಂತ. ಕುಡ್ಲು ಎಸ್ದು ಓಡೋಗ್ತಿದ್ದೆ. ನಮ್ಮತ್ತೆ ಮೈಗಳ್ಳಿ ಅಂದ್ಲು.”

ಅತ್ತಿಗೆ ತಲೆಯೆತ್ತಿದರು. “ಆಮೇಲೆ?”

“ಆಮೇಲೇನು. ನಾಕು ಮಕ್ಳು ಸಾಕ್ದೆ. ದೊಡ್ಡೋನು ಈಗ ನನ್ನೇ ಬೈತಾನೆ. ಆಗ್ಲೇ ಎರಡೇಟು ಹಾಕ್ಬೇಕಿತ್ತು ನೋಡು.”

ಮೊದಲು ನಕ್ಕವರು ಖಾಜಾಬಿ. ಆಮೇಲೆ ಅತ್ತಿಗೆ, ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣೀರಿನ ನಡುವೆ. ಇನ್ನೊಬ್ಬರಿಗೂ ಹೀಗಾಗಿದ್ದೀತು ಎಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ.

ಡಾಕ್ಟರು ಕೊನೆಯಲ್ಲಷ್ಟೇ ಮಾತಾಡಿದರು. ಬೇಡದ ಯೋಚನೆ ಬರುವುದೇ ಬೇರೆ, ಹಾಗೆ ಮಾಡುವ ಮನಸ್ಸೇ ಬೇರೆ. ಮಗು ಕಣ್ಣಿನಷ್ಟು ಪ್ರಿಯವಾದ್ದರಿಂದಲೇ ಈ ಯೋಚನೆ ಇಷ್ಟು ನೋಯಿಸುತ್ತಿದೆ. ಇವತ್ತು ಆಡಿದ ಮಾತಿಗೆ ಬಿಡ್ತು ಅನ್ನದೆ ಮನೆಗೆ ಹೋಗಿ ನೋಡುತ್ತೀರಾ ಎಂದು ಕೇಳಿದರು. ಅತ್ತಿಗೆ ಹೂಂ ಎಂದರು. ಹೊರಡುವಾಗ ಡಾಕ್ಟರ ತಾಯಿ ತಂದಿಟ್ಟ ಟೀಯನ್ನು, ಯಾವ ಲಕ್ಷ್ಯವೂ ಇಲ್ಲದವರಂತೆ, ಎತ್ತಿ ಕುಡಿದುಬಿಟ್ಟರು. ನಾನೂ ಕುಡಿದೆ.

ಆದರೆ ಬಸ್ಸು ಹತ್ತಿದ ಮೇಲೆ, ಅಸ್ತು ಅಂದುಬಿಟ್ಟಿದ್ದರೆ ಎಂಬ ಹೆದರಿಕೆ ಮತ್ತೆ ಅವರನ್ನು ಹಿಡಿಯಿತು. ಬಡವನಹಳ್ಳಿ ದಾಟಿದ ಮೇಲೆ ಮಧುಗಿರಿಯ ಬೆಟ್ಟ ಕಾಣಿಸಿಕೊಂಡಿತು. ಅದರ ಬುಡದಲ್ಲಿ ನಮ್ಮ ಮನೆ, ಮನೆಯ ಹಿಂದೆ ಬಾವಿ. ಅತ್ತಿಗೆಯ ತುಟಿ ಅಲುಗಿದರೂ ಬಿಡ್ತು ಎಂಬ ಪದ ಹೊರಗೆ ಬರಲಿಲ್ಲ. ಬಸ್‌ಸ್ಟ್ಯಾಂಡಿನಿಂದ ಇಬ್ಬರೂ ಹೆಚ್ಚುಕಡಿಮೆ ಓಡಿದೆವು.

ಮಗು ನಡುಮನೆಯಲ್ಲಿ ಕೂತು ಹಿತ್ತಾಳೆ ಸೌಟಿನಿಂದ ಅವ್ವನ ಮೊಣಕಾಲಿಗೆ ಬಡಿಯುತ್ತಿತ್ತು. ಮೈಯೆಲ್ಲ ರಾಗಿ ಹಿಟ್ಟು. ನಮ್ಮನ್ನು ಕಂಡು ಸೌಟು ಎತ್ತಿ ನಕ್ಕಿತು. ಅತ್ತಿಗೆ ಬಾಗಿಲಲ್ಲೇ ಕೂತುಬಿಟ್ಟರು. ಮಗು ಅಂಬೆಗಾಲಿಟ್ಟು ತಾನೇ ಬಂದು ಮಡಿಲು ಹತ್ತಿತು. ಅವ್ವ ಎತ್ತಿಕೊಳ್ಳಲು ಬಂದಳು. ಅತ್ತಿಗೆ ಕೊಡಲಿಲ್ಲ.

ಎಲ್ಲವೂ ಒಂದೇ ದಿನಕ್ಕೆ ಸರಿಯಾಯಿತೆಂದಲ್ಲ. ಮೊದಲು ಜಗಲಿಯವರೆಗೆ, ಆಮೇಲೆ ಹಿತ್ತಲ ಬಾಗಿಲವರೆಗೆ, ಮಗುವನ್ನು ಎತ್ತಿಕೊಂಡು ಹೋಗಿ ನಿಂತು ಬರುವುದು. ಹಿಂದಕ್ಕೆ ಓಡಿಬಂದ ದಿನಗಳೂ ಇದ್ದವು. ಅವನ್ನು ಸಿರಾದ ಚಾಪೆಯ ಮೇಲೆ ಹೇಳಿಕೊಂಡರೆ, ‘ನಾಳೆ ಬಾವಿ ಎಲ್ಲಿಗೋಯ್ತದೆ’ ಎನ್ನುತ್ತಿದ್ದರು ಮಾರಕ್ಕ.

ಶಿವರಾತ್ರಿಯ ಮಾರನೆಯ ದಿನ ಪಾವಗಡದ ಅಕ್ಕ ಬಂದಳು. ನಾವು ಹಿತ್ತಲಲ್ಲಿದ್ದೆವು. ಅತ್ತಿಗೆ ಬಾವಿಯ ಕಟ್ಟೆಯ ಪಕ್ಕ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದರು. ಅವ್ವ ನೀರು ಸೇದುತ್ತಿದ್ದಳು.

“ಬಂತು ನೋಡಿ ಅತ್ತೆ,” ಎಂದರು ಅತ್ತಿಗೆ, ಮಳೆ ಹನಿ ಬಿತ್ತು ಎನ್ನುವ ಹಾಗೆ. “ಮಗೀನ ಒಳಕ್ಕೆ ಹಾಕ್ಬುಟ್ರೆ ಅಂತ.”

ಅವ್ವನ ಕೈಯ ಹಗ್ಗ ನಿಂತಿತು. “ಬಿಡ್ತು ಅನ್ನೇ ಸರೋಜ.”

“ಬರ್ತದೆ, ಹೋಯ್ತದೆ ಅತ್ತೆ. ನೀವು ಕೊಡ ನೋಡಿ, ತುಂಬೋಗ್ಲಿಲ್ವ,” ಎಂದು ಅತ್ತಿಗೆ ಜಾರುತ್ತಿದ್ದ ಮಗುವನ್ನು ಸೊಂಟದ ಮೇಲಕ್ಕೆ ಎತ್ತಿ ಸರಿಯಾಗಿ ಕೂರಿಸಿಕೊಂಡರು.

ಅಕ್ಕ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು. ಅವಳ ಮುಖ ಒಂದು ಗಳಿಗೆ ಬಾಡಿತು. ಆಮೇಲೆ ಚೀಲದಿಂದ ತಾನೇ ಹೊಲಿದಿದ್ದ ಕೆಂಪು ಕುಲಾವಿ ತೆಗೆದು ಮಗುವಿನ ತಲೆಗೆ ಹಾಕಿ, ಗದ್ದದ ಕೆಳಗೆ ದಾರ ಕಟ್ಟಿದಳು. “ತೊಟ್ಲು ಬಸ್ಸಲ್ಲಿ ಕಳಿಸ್ತೀನಿ ಸರೋಜ,” ಎಂದಳು. “ಮುಂದಿನ ಮಗೀಗೆ ಆಯ್ತದೆ.”

ಅತ್ತಿಗೆ ಮಗುವನ್ನು ಅಕ್ಕನ ಕೈಗೆ ಕೊಟ್ಟು, ಅವ್ವನ ಕೈಯಿಂದ ಹಗ್ಗ ತೆಗೆದುಕೊಂಡು ನೀರು ಸೇದಲು ನಿಂತರು.