ಗಿರಣಿಯ ನಾಯಿಮರಿ ಮಲಗಿದ್ದು

ಆದೋನಿಯ ಹತ್ತಿ ಗಿರಣಿ ಆ ವರ್ಷದ ಕೆಲಸ ಮುಗಿಸಿ ಬಾಗಿಲು ಹಾಕಿದ ದಿನ, ಅಲ್ಲಿ ಹತ್ತಿ ಆರಿಸುತ್ತಿದ್ದ ಉಚ್ಚಮ್ಮ ಸೆರಗಿನಲ್ಲಿ ಒಂದು ನಾಯಿಮರಿ ಕಟ್ಟಿಕೊಂಡು ಮನೆಗೆ ಬಂದಳು. ಇಂಜಿನ್ ಕೋಣೆಯ ಗೋಡೆ ಬದಿಗೆ ಹುಟ್ಟಿದ ಮರಿ. ತಾಯಿ ಬಂಡಿಗಾಲಿಗೆ ಸಿಕ್ಕು ಸತ್ತಿತ್ತು. ಬೀಗ ಬಿದ್ದ ಅಂಗಳದಲ್ಲಿ ಬಿಟ್ಟು ಬಂದರೆ ಇದೂ ಹಸಿದು ಸಾಯುವುದೇ.

ಹಗಲೆಲ್ಲ ಮುದ್ದು. ದೀಪ ಆರಿತೋ, ಹೆಣದ ಮುಂದೆ ಕೂತವರ ಹಾಗೆ ರಾಗ ಎಳೆಯುತ್ತಿತ್ತು. ಉಚ್ಚಮ್ಮ ಹಾಲನ್ನ ಇಟ್ಟಳು. ಹಳೇ ಕೌದಿ ಹಾಸಿದಳು. ಬುಟ್ಟಿ ಮುಚ್ಚಿದಳು, ತೆಗೆದಳು. ಕಡೆಗೆ ಎರಡೇಟು ಹಾಕಿ, ಆಮೇಲೆ ತಾನೇ ಅತ್ತಳು. ಮರಿ ಮಾತ್ರ ನಿಲ್ಲಿಸಲಿಲ್ಲ.

ಅತ್ತೆ ಗಾದಿಲಿಂಗಮ್ಮ ಹೊರಸಿನ ಮೇಲೆ ಎದ್ದು ಕೂತಳು.

"ಏನಬೇ, ಗಿರಣಿಯಾಗ ಪಗಾರ ಕೊಡಲಿಲ್ಲಂತ ಇದನ್ನ ಕೊಟ್ರೇನು? ನಾಳಿ ಇದು ಇರಬಾರದು. ಇದ್ರ ನಾ ಹೊಳಗುಂದಕ್ಕ ಮಗಳ ಮನಿಗೆ ಹೋಗತೀನಿ."

"ಎಲ್ಲಿ ಬಿಡಲಿ, ಅತ್ತೆ? ಗಿರಣಿ ಮುಚ್ಚೈತಿ."

"ಎಲ್ಲಿಂದ ತಂದಿಯೋ ಅಲ್ಲಿ!"

ಉಚ್ಚಮ್ಮನ ಮೈಯೆಲ್ಲ ಉರಿಯಿತು. ನಿದ್ದೆಯಂತೂ ಇಲ್ಲ, ನಾಳೆಯ ಹಿಟ್ಟಾದರೂ ಆಗಲಿ ಎಂದು ಬೀಸುವ ಕಲ್ಲಿನ ಮುಂದೆ ಕೂತಳು. ಸಿಟ್ಟೆಲ್ಲ ಗೂಟಕ್ಕೆ ಹಾಕಿ ಗರಗರ ತಿರುವಿದಳು. ನಾಲ್ಕು ಹಿಡಿ ಜೋಳ ಮುಗಿಯುವಷ್ಟರಲ್ಲಿ ನೋಡುತ್ತಾಳೆ, ಮರಿ ಮೂತಿ ಚಾಚಿ ಮಲಗಿದೆ! ಕೈ ನಿಲ್ಲಿಸಿದಳು. ಮರಿ ಕಣ್ಣು ಬಿಟ್ಟು ಕುಂಯ್ ಎಂದಿತು. ತಿರುವಿದಳು, ಮಲಗಿತು.

"ಅಯ್ಯ ನಿನ್ನ! ಇಂಜಿನ್ನಿನ ಜೋಗುಳ ಬೇಕೇನು?" ಎಂದು ಹಲ್ಲು ಕಡಿದಳು. ರಾತ್ರಿಯಿಡೀ ಬೀಸಲು ತಾನೇನು ಎಣ್ಣೆ ಹಾಕಿದ ಯಂತ್ರವೇ?

ತೋಳು ಸೋತು ಕಲ್ಲು ನಿಂತಿತು. ಇನ್ನೇನು ಅಳುತ್ತದೆ ಎಂದು ಕಾದಳು. ಅಳಲಿಲ್ಲ. ಕಲ್ಲಿನ ಸದ್ದಿಗೆ ಮರಿ ಸುಮ್ಮನಾಗಿತ್ತು, ಮರಿ ಸುಮ್ಮನಾದದ್ದಕ್ಕೆ ಅತ್ತೆಗೆ ಕಣ್ಣು ಹತ್ತಿತ್ತು, ಈಗ ಅತ್ತೆಯ ಗೊರಕೆ ಗಿರಣಿಗಿಂತ ಜೋರಾಗಿ ನಡೆದಿತ್ತು. ಉಚ್ಚಮ್ಮ ಬುಟ್ಟಿಯನ್ನು ಮೆಲ್ಲಗೆ ಹೊರಸಿನ ಬುಡಕ್ಕೆ ನೂಕಿದಳು. ಬೆಳಗಿನ ತನಕ ಮನೆಯಲ್ಲಿ ಗೊರಕೆಯೊಂದೇ.

"ನೋಡಿದ್ಯಾ, ನನ್ನ ಬೈಗುಳಕ್ಕ ಅಂಜಿತು," ಎಂದಳು ಅತ್ತೆ. "ಇರಲಿ ಬಿಡು, ಪಾಪ."

ಉಚ್ಚಮ್ಮ ತುಟಿ ಕಚ್ಚಿಕೊಂಡಳು. ಗೊರಕೆಯ ಮಾತೆತ್ತಿದರೆ ಮರಿಯೊಂದಿಗೆ ತಾನೂ ಬೀದಿಗೆ.

ಆದರೆ ಸಂಜೆಯಾದಂತೆ ಚಿಂತೆ ಹತ್ತಿತು. ಅತ್ತೆಗೆ ನಿದ್ದೆ ಹತ್ತುವ ತನಕ ಕಲ್ಲು ತಿರುಗಲೇಬೇಕು. ಮನೆಯ ಜೋಳವೆಲ್ಲ ಹಿಟ್ಟಾಗಿದೆ, ಖಾಲಿ ಕಲ್ಲು ತಿರುವಿದರೆ ಮನೆಗೆ ಕೇಡು. ಬೇರೆ ದಾರಿ ಕಾಣದೆ ಪಕ್ಕದ ಮನೆಯ ದಸ್ತಗಿರಮ್ಮನ ಬಾಗಿಲಿಗೆ ಹೋದಳು.

"ಅಕ್ಕಾ, ನಿಮ್ಮ ಜೋಳ ಕೊಡ್ರಿ, ಬೀಸಿ ಕೊಡತೀನಿ."

ದಸ್ತಗಿರಮ್ಮ ಮೊದಲು ಅವಳ ಹಣೆ ಮುಟ್ಟಿ ನೋಡಿದಳು, ಆಮೇಲೆ ಮೊರದ ತುಂಬ ಜೋಳ ತಂದಳು. ಕತ್ತಲಾಗುವಷ್ಟರಲ್ಲಿ ಓಣಿಯ ಇನ್ನೂ ಮೂರು ಮೊರ ಬಂದು ಕೂತವು.

"ಗಾದಿಲಿಂಗಮ್ಮ, ನಿನ್ನ ಸೊಸಿ ಬಂಗಾರ!" ಎಂದರು ಎಲ್ಲರೂ.

ಬಂಗಾರ ಆಕಳಿಸುತ್ತ ಕಲ್ಲು ತಿರುವಿತು. ಹೊರಸಿನ ಕಡೆ ನೋಡಿ ಒಳಗೊಳಗೇ ಗೊಣಗಿತು: "ಲಗೂನ ಗೊರಕಿ ಹೊಡಿ ನಮ್ಮವ್ವಾ, ತೋಳು ಬಿದ್ದು ಹೋಗತಾವು."